ಮೊದಲ ಸಾಲನ್ನು ಬರೆದವರು ಯಾರು?

ಮೊದಲೇ ಹೇಳಿಬಿಡುತ್ತೇನೆ, ನಾನು ಓದಿದ್ದು ಬಿ.ಎ. ಆಮೇಲೆ ಬಿ.ಎಡ್. ಇತಿಹಾಸ, ರಾಜ್ಯಶಾಸ್ತ್ರ, ಐಚ್ಛಿಕ ಕನ್ನಡ. ಇಪ್ಪತ್ತೇಳು ವರ್ಷಗಳಿಂದ ಹೈಸ್ಕೂಲಿನ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಅಂಥವಳು ಕಂಪ್ಯೂಟರಿನ ಕರ್ನಲ್ ಬಗ್ಗೆ ಬರೆಯಲು ಕೂತಿದ್ದೇನೆಂದರೆ, "ಇವಳಿಗ್ಯಾಕೆ ಬೇಕಿತ್ತು" ಎಂದು ಮೂಗು ಮುರಿಯುವವರು ಇದ್ದೇ ಇರುತ್ತಾರೆ. ಮುರಿಯಲಿ. ಅವರ ಮೂಗು, ಅವರ ಇಷ್ಟ. ನಾನು ಹೇಳಬೇಕೆಂದಿರುವುದು ಇಷ್ಟೇ: ಗುಂಡಿ ಒತ್ತಿದ ಕೂಡಲೇ ಒಂದು ಕಂಪ್ಯೂಟರು ಯಾವ ಕರ್ನಲ್ಲಿನಿಂದ ಎದ್ದೇಳಬೇಕು ಎಂಬುದನ್ನು ಅದರ ಮುಂದೆ ದಿನವೂ ಕೂರುವವರೇ ತೀರ್ಮಾನಿಸಬೇಕು. ಅದು ಒಂದು ಸಾಲಿನ ಕೆಲಸ. ಆ ಒಂದು ಸಾಲು ನಮಗೆ ಸಂಬಂಧಪಟ್ಟದ್ದಲ್ಲ ಎಂದು ನಮ್ಮನ್ನು ನಂಬಿಸಿದವರ ಮೇಲೆ ನನಗೆ ಸಿಟ್ಟಿದೆ; ನಂಬಿ ಕೂತಿದ್ದ ನನ್ನ ಮೇಲೆ ಇನ್ನೂ ಹೆಚ್ಚು ಸಿಟ್ಟಿದೆ.

ನಡೆದದ್ದನ್ನು ಹೇಳುತ್ತೇನೆ. 2020ರ ಕೊನೆಯಲ್ಲಿ ಒಂದು ಕಂಪನಿಯವರು ತಾವು ಬಳಸಿ ಬಿಟ್ಟಿದ್ದ ಹನ್ನೆರಡು ಕಂಪ್ಯೂಟರುಗಳನ್ನು ನಮ್ಮ ಶಾಲೆಗೆ ಕೊಟ್ಟರು. ಹಳೆಯವೇ, ಆದರೆ ಹಾಲಿನಂತೆ ಕೆಲಸ ಮಾಡುತ್ತಿದ್ದವು. ಅವುಗಳಲ್ಲಿ ಉಬುಂಟು 20.04 ಹಾಕಿದ್ದರು. ದುಡ್ಡು ಕೊಡಬೇಕಿಲ್ಲದ, ಯಾರು ಬೇಕಾದರೂ ಹಂಚಿಕೊಳ್ಳಬಹುದಾದ ವ್ಯವಸ್ಥೆ ಅದು. ಕನ್ನಡದಲ್ಲಿ ಟೈಪು ಮಾಡಲು ಯಾವ ತಕರಾರೂ ಇಲ್ಲ. 2021ರ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಶಾಲೆ ತೆರೆದಿದ್ದ ಸ್ವಲ್ಪ ದಿನ ಮಕ್ಕಳು ಅದರ ಮುಂದೆ ಕೂತರು. ಗಂಡುಮಕ್ಕಳಿಗೆ ಅಷ್ಟೇನೂ ಅದರ ಅಗತ್ಯವಿರಲಿಲ್ಲ. ಅವರ ಕೈಯಲ್ಲಿ ಅಪ್ಪನದೋ ಅಣ್ಣನದೋ ಮೊಬೈಲು ಇರುತ್ತಿತ್ತು, ಸೈಬರ್ ಅಂಗಡಿಗೆ ಹೋಗಿ ಬರುವುದಕ್ಕೂ ಯಾರ ಅಪ್ಪಣೆ ಬೇಕಿರಲಿಲ್ಲ. ಹುಡುಗಿಯರಿಗೆ ಇದ್ದದ್ದು ಈ ಕೋಣೆ ಒಂದೇ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಏಳನೇ ನಂಬರಿನ ಯಂತ್ರದಲ್ಲಿ ತನ್ನ ಅಜ್ಜಿ ಹೇಳುತ್ತಿದ್ದ ಸೋಬಾನೆ ಪದಗಳನ್ನೂ ಬೀಸುವ ಪದಗಳನ್ನೂ ಟೈಪು ಮಾಡಲು ಶುರುಮಾಡಿದಳು. ಮನೆಯಲ್ಲಿ ರಾತ್ರಿ ಅಜ್ಜಿಯ ಬಾಯಿಂದ ಕೇಳಿಕೊಂಡು ಬರುವುದು, ಮಧ್ಯಾಹ್ನದ ಊಟದ ಬಿಡುವಿನಲ್ಲಿ ನೆನಪಿನಿಂದ ಟೈಪು ಮಾಡುವುದು. ಬೇಸಿಗೆಯ ಹೊತ್ತಿಗೆ ಹದಿನಾಲ್ಕು ಪುಟ ಆಗಿತ್ತು. ಎರಡನೇ ಅಲೆಯಲ್ಲಿ ಅಜ್ಜಿ ಹೋದರು.

ಆ ವರ್ಷ ಆಗಸ್ಟ್ 23ಕ್ಕೆ ಒಂಬತ್ತು, ಹತ್ತನೇ ತರಗತಿಗಳು ಮತ್ತೆ ಶುರುವಾದವು. ಸೆಪ್ಟೆಂಬರಿನಲ್ಲಿ ಕೋಣೆಗೆ ಮೊದಲ ಸಲ ಇಂಟರ್‌ನೆಟ್ ಸಂಪರ್ಕ ಬಂತು. ಬಂದ ಮಾರನೇ ದಿನವೇ ಹನ್ನೆರಡೂ ಪರದೆಗಳ ಮೇಲೆ ಒಂದು ಚೌಕ ಮೂಡಿ, ಹೊಸ ತಂತ್ರಾಂಶಗಳು ಬಂದಿವೆ, ಹಾಕಿಕೊಳ್ಳಲೇ ಎಂದು ಕೇಳಿತು. ಹಬ್ಬಕ್ಕೆ ಮನೆ ತೊಳೆಯುವ ಉತ್ಸಾಹ ನನ್ನದು. ಒಂದೂ ಬಿಡದೆ ಹನ್ನೆರಡಕ್ಕೂ "ಹೂಂ" ಎಂದು ಒತ್ತಿದೆ. ಒತ್ತಿದವಳು ನಾನೇ, ಇದನ್ನು ಬೇರೆ ಯಾರ ಮೇಲೂ ಹಾಕುವುದಿಲ್ಲ. ಮರುದಿನ ಬೆಳಿಗ್ಗೆ ಗುಂಡಿ ಒತ್ತಿದರೆ ಉಬುಂಟುವಿನ ಗುರುತು ಒಂದು ಕ್ಷಣ ಕಾಣಿಸಿಕೊಂಡು ಪರದೆ ಕಪ್ಪಾಯಿತು. ಹನ್ನೆರಡೂ ಕಪ್ಪು.

ರಿಪೇರಿಯವರು ಬಂದರು. ಎರಡು ಯಂತ್ರ ಹಾಕಿ ನೋಡಿ, ಮೂರನೆಯದನ್ನು ಮುಟ್ಟುವ ಮೊದಲೇ, "ಮದರ್‌ಬೋರ್ಡು ಹೋಗಿದೆ ಮೇಡಂ" ಎಂದರು.

"ಹನ್ನೆರಡಕ್ಕೂ ಒಂದೇ ರಾತ್ರಿ ಹೋಯಿತೇ?"

"ಹಳೇ ಮಾಲು ಮೇಡಂ, ಹಂಗೇ ಆಗೋದು. ಬೇಕಾದ್ರೆ ಎಲ್ಲಾ ಅಳಿಸಿ ಬೇರೆ ಸಿಸ್ಟಂ ಹಾಕಿ ನೋಡಬಹುದು. ಒಳಗಿರೋದು ಸಿಗಲ್ಲ. ತಲಾ ಇಷ್ಟು ಆಗುತ್ತೆ."

ನಾನು ಏನೋ ಕೇಳಲು ಬಾಯಿ ತೆರೆದೆ. "ನೀವು ಬಿ.ಎ. ಬಿ.ಎಡ್. ಅಲ್ವಾ ಮೇಡಂ, ನಿಮಗೆ ಅರ್ಥ ಆಗಲ್ಲ ಬಿಡಿ" ಎಂದು ನಗುನಗುತ್ತಾ ಹೇಳಿ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿಕೊಂಡರು. ನಾನೂ ನಕ್ಕೆ. ಆ ನಗು ಈಗಲೂ ನನ್ನನ್ನು ಚುಚ್ಚುತ್ತದೆ. ಕೋಣೆಗೆ ಬೀಗ ಬಿತ್ತು. ಹೆಡ್‌ಮಾಸ್ಟರು ಹನ್ನೆರಡನ್ನೂ "ನಿರುಪಯುಕ್ತ ವಸ್ತುಗಳು" ಎಂಬ ಪುಟಕ್ಕೆ ಏರಿಸಿದರು. ಆ ಹುಡುಗಿ ಈಗ ಹತ್ತನೇ ತರಗತಿಯಲ್ಲಿದ್ದಳು. ಒಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮಿಸ್, ಏಳನೇ ನಂಬರ್‌ದು ಮಾತ್ರ ಅಳಿಸಬೇಡಿ ಅಂತ ಹೇಳ್ತೀರಾ" ಎಂದು ಕೇಳಿದಳು. ಹೂಂ ಎಂದೆ. ಹೇಗೆ ಉಳಿಸುವುದೆಂದು ನನಗೆ ಗೊತ್ತಿರಲಿಲ್ಲ.

ಜನವರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು, ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಓದುತ್ತಿದ್ದವಳು, ಸಂಕ್ರಾಂತಿಯ ಎಳ್ಳು ಬೀರಲು ಮನೆಗೆ ಬಂದಳು. ಮಾತಿಗೆ ಮಾತು ಬಂದು ಈ ಕಥೆ ಹೇಳಿದೆ. ಅವಳು ಎಳ್ಳಿನ ಡಬ್ಬಿ ಕೆಳಗಿಟ್ಟು, "ಶಿಫ್ಟ್ ಒತ್ತಿ ಹಿಡಿದು ನೋಡಿದ್ರಾ ಮಿಸ್?" ಎಂದಳು. ಮರುದಿನ ಇಬ್ಬರೂ ಬೀಗ ತೆಗೆಸಿ ಒಳಗೆ ಹೋದೆವು. ಏಳನೇ ಯಂತ್ರದ ಗುಂಡಿ ಒತ್ತಿ, ಕೀಲಿಮಣೆಯ ಶಿಫ್ಟ್ ಕೀಲಿಯನ್ನು ಅದುಮಿ ಹಿಡಿದಳು. ನಾನು ಎಂದೂ ಕಾಣದ ಒಂದು ಪಟ್ಟಿ ಪರದೆಯ ಮೇಲೆ ಬಂತು. ಮೊದಲ ಸಾಲು, ಉಬುಂಟು. ಎರಡನೆಯದು, ಉಬುಂಟುವಿಗೆ ಅಡ್ವಾನ್ಸ್‌ಡ್ ಆಯ್ಕೆಗಳು. ಅದರೊಳಗೆ ಹೋದಳು. ಅಲ್ಲಿ ನಾಲ್ಕು ಸಾಲು: ಲಿನಕ್ಸ್ 5.11, ಅದರದೇ ರಿಪೇರಿ ರೂಪ, ಲಿನಕ್ಸ್ 5.4, ಅದರ ರಿಪೇರಿ ರೂಪ. ಮೂರನೆಯದಕ್ಕೆ ಬಂದು ಒತ್ತಿದಳು. ಅರ್ಧ ನಿಮಿಷ. ಪರದೆ ಬೆಳಗಿತು.

ಹದಿನಾಲ್ಕೂ ಪುಟ ಇದ್ದವು.

ಮದರ್‌ಬೋರ್ಡು ಹೋಗಿರಲಿಲ್ಲ. ಯಾವುದೂ ಹೋಗಿರಲಿಲ್ಲ. ಮೂರು ತಿಂಗಳು ಆ ಹನ್ನೆರಡು ಯಂತ್ರಗಳು, ಬಾಗಿಲು ತೆರೆಯದ ಮನೆಯೊಳಗೆ ಎಚ್ಚರವಾಗಿಯೇ ಇರುವವರಂತೆ ಕೂತಿದ್ದವು.

ಇನ್ನು ಸ್ವಲ್ಪ ಪಾಠ ಮಾಡುತ್ತೇನೆ, ಅಭ್ಯಾಸಬಲ, ಕ್ಷಮಿಸಿ. ಕರ್ನಲ್ ಎಂದರೆ ತಿರುಳು. ಕಂಪ್ಯೂಟರಿನ ಹೊರಪದರಕ್ಕೆ, ಅಂದರೆ ನಾವು ಆಜ್ಞೆ ಕೊಡುವ ಭಾಗಕ್ಕೆ, ಶೆಲ್ ಎನ್ನುತ್ತಾರಂತೆ. ಕರಟ, ಕೊಬ್ಬರಿ! ಹೆಸರಿಟ್ಟವರು ನಮ್ಮ ಕಡೆಯವರಲ್ಲದಿದ್ದರೂ ತೆಂಗಿನಕಾಯಿ ಒಡೆದು ನೋಡಿದವರೇ ಇರಬೇಕು. ಪರದೆ, ಕೀಲಿಮಣೆ, ಡಿಸ್ಕು, ನೆನಪು ಇವುಗಳ ಜೊತೆ ನೇರವಾಗಿ ಮಾತಾಡುವುದು ಈ ತಿರುಳು. ನಾವು ಬಳಸುವ ಬೇರೆಲ್ಲ ತಂತ್ರಾಂಶಗಳೂ ಅದರ ಮೂಲಕವೇ ಕೆಲಸ ಮಾಡಿಸಿಕೊಳ್ಳಬೇಕು. ಅಡುಗೆಮನೆಯಲ್ಲಿ ಒಲೆ, ಪಾತ್ರೆ, ಉಪ್ಪಿನ ಡಬ್ಬ ಎಲ್ಲಿದೆ ಎಂದು ಗೊತ್ತಿರುವವಳು ಒಬ್ಬಳಿರುತ್ತಾಳಲ್ಲ, ಹಾಗೆ. ಲಿನಕ್ಸ್ ಎಂಬ ಈ ಕರ್ನಲ್ಲನ್ನು 1991ರಲ್ಲಿ ಹೆಲ್ಸಿಂಕಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ ಹುಡುಗ ಶುರುಮಾಡಿದ. ಆಮೇಲೆ ಜಗತ್ತಿನ ಸಾವಿರಾರು ಜನ ಕೈಹಾಕಿ ಬೆಳೆಸಿದರು, ಇನ್ನೂ ಬೆಳೆಸುತ್ತಿದ್ದಾರೆ. ಕೆಲವು ತಿಂಗಳಿಗೊಂದು ಹೊಸ ಆವೃತ್ತಿ ಬರುತ್ತದೆ. 5.4ರ ನಂತರ 5.5, ಹೀಗೇ 5.10, 5.11. ಗಣಿತದ ದಶಮಾಂಶವೆಂದು ತಿಳಿದು 5.11 ಚಿಕ್ಕದು ಎಂದುಕೊಳ್ಳಬೇಡಿ. ನಾನು ಹಾಗೇ ಅಂದುಕೊಂಡು ಆ ಹುಡುಗಿಯಿಂದ ನಗಿಸಿಕೊಂಡೆ.

ಹೊಸ ಕರ್ನಲ್ ಬಂದಾಗ ಹಳೆಯದು ಆ ಕೂಡಲೇ ಹೋಗುವುದಿಲ್ಲ. ಪಕ್ಕದಲ್ಲೇ ಇರುತ್ತದೆ. ಗುಂಡಿ ಒತ್ತಿದಾಗ ಯಾವುದನ್ನು ಎಬ್ಬಿಸಬೇಕೆಂದು ನೋಡಿಕೊಳ್ಳುವುದು ಗ್ರಬ್ ಎಂಬ ಇನ್ನೊಂದು ಪುಟ್ಟ ತಂತ್ರಾಂಶ, ಬಾಗಿಲು ಕಾಯುವ ಆಳು ಎನ್ನಿ. ಅವನು ಕರ್ನಲ್ಲುಗಳನ್ನು ಹೊಸದು ಮೊದಲು, ಹಳೆಯದು ಆಮೇಲೆ ಎಂದು ಸಾಲಾಗಿ ನಿಲ್ಲಿಸಿ, ಯಾರೂ ಏನೂ ಹೇಳದಿದ್ದರೆ ಮೊದಲನೆಯದನ್ನು ಎಬ್ಬಿಸುತ್ತಾನೆ. ಕಂಪ್ಯೂಟರಿನಲ್ಲಿ ಒಂದೇ ವ್ಯವಸ್ಥೆ ಇದ್ದರೆ ಉಬುಂಟು ಆ ಪಟ್ಟಿಯನ್ನು ತೋರಿಸುವುದೂ ಇಲ್ಲ. ಯಾಕೆ ತೋರಿಸಬೇಕು, ಸುಮ್ಮನೆ ಗಾಬರಿಯಾಗುತ್ತಾರೆ ಎಂಬ ಕಾಳಜಿ. ನಮ್ಮ ಯಂತ್ರಗಳ ಹಳೆಯ ಚಿತ್ರ ಮೂಡಿಸುವ ಚಿಪ್ಪಿಗೆ 5.11ರ ಜೊತೆ ಕೂಡಿಬರಲಿಲ್ಲ, 5.4ರ ಜೊತೆ ಬಂದಿತ್ತು. ಇಷ್ಟೇ ವಿಷಯ. ಹೊಸದನ್ನು ಬರೆದವರ ತಪ್ಪೂ ಅಲ್ಲ ಅದು, ಜಗತ್ತಿನಲ್ಲಿರುವ ಎಲ್ಲ ಹಳೆಯ ಯಂತ್ರಗಳನ್ನೂ ಅವರು ಮುಂದಿಟ್ಟುಕೊಂಡು ನೋಡಲು ಆಗುತ್ತದೆಯೇ?

ನನಗೆ ಕೋಪ ಬಂದದ್ದು ಆ ಎರಡನೇ ಸಾಲಿನ ಹೆಸರಿನ ಮೇಲೆ. ಅಡ್ವಾನ್ಸ್‌ಡ್! ಅಂದರೆ ಮುಂದುವರಿದವರಿಗೆ, ಬಲ್ಲವರಿಗೆ. ನಿನ್ನೆಯವರೆಗೆ ಸರಿಯಾಗಿ ಕೆಲಸ ಮಾಡುತ್ತಿದ್ದ ಕರ್ನಲ್ಲನ್ನು ಒಂದು ಒಳಕೋಣೆಯಲ್ಲಿಟ್ಟು, ಬಾಗಿಲಿಗೆ ಪಂಡಿತರಿಗೆ ಮಾತ್ರ ಪ್ರವೇಶ ಎಂದು ಹಲಗೆ ತೂಗುಹಾಕಿದಂತೆ. ಒಳಗೆ ಹೋಗಿ ನೋಡಿದರೆ ನಾಲ್ಕು ಸಾಲು, ಮೇಲೆ ಕೆಳಗೆ ಬಾಣದ ಕೀಲಿ! ದೇವರ ಮನೆಯೊಳಗೆ ಹೋಗಬೇಡ ಎಂದು ಹೆದರಿಸಿದ್ದ ಮಗು ಒಂದು ದಿನ ಇಣುಕಿ ನೋಡಿದರೆ ಒಳಗೆ ಒಂದು ದೀಪ, ಎರಡು ಊದಿನಕಡ್ಡಿ ಇದ್ದ ಹಾಗೆ.

ಆ ದಿನ ಹನ್ನೆರಡೂ ಎದ್ದವು. ಆದರೆ ದಿನಾ ಬೆಳಿಗ್ಗೆ ಒಂದೊಂದಕ್ಕೂ ಶಿಫ್ಟ್ ಅದುಮಿ ಒಳಕೋಣೆಗೆ ಹೋಗುವುದು ಯಾರಿಂದಾಗುತ್ತದೆ? ಅದಕ್ಕೇ ಮೊದಲ ಆಯ್ಕೆಯನ್ನು ಬದಲಿಸಬೇಕು. ಇಟಿಸಿ ಎಂಬ ಕೋಶದೊಳಗೆ ಡಿಫಾಲ್ಟ್ ಎಂಬ ಕೋಶ, ಅದರೊಳಗೆ ಗ್ರಬ್ ಎಂಬ ಒಂದು ಪುಟ್ಟ ಕಡತ. ತೆರೆದರೆ ಮೊದಲ ಕೆಲವು ಸಾಲುಗಳಲ್ಲೇ ಇರುತ್ತದೆ: ಗ್ರಬ್_ಡಿಫಾಲ್ಟ್=0. ಸೊನ್ನೆ ಎಂದರೆ ಮೊದಲನೆಯದು, ಇವರು ಸೊನ್ನೆಯಿಂದ ಎಣಿಸುತ್ತಾರೆ. ಹೊರಪಟ್ಟಿಯ ಎರಡನೇ ಸಾಲು 1, ಅದರ ಒಳಗಿನ ಮೂರನೇ ಸಾಲು 2. ಆದ್ದರಿಂದ ಸೊನ್ನೆ ತೆಗೆದು, ಉದ್ಧರಣ ಚಿಹ್ನೆಯೊಳಗೆ 1, ಬಾಣದ ಗುರುತು, 2 ಎಂದು ಬರೆದಳು. ಬರೆದು ಉಳಿಸಿ, ಸುಡೊ ಅಪ್‌ಡೇಟ್-ಗ್ರಬ್ ಎಂಬ ಆಜ್ಞೆ ಕೊಟ್ಟಳು. ಈ ಆಜ್ಞೆ ಕೊಡದಿದ್ದರೆ ಬರೆದದ್ದು ಬರೆದಲ್ಲೇ ಇರುತ್ತದೆ, ಬಾಗಿಲ ಆಳಿಗೆ ಸುದ್ದಿ ಮುಟ್ಟುವುದಿಲ್ಲ. ಮೊದಲ ಯಂತ್ರ ಅವಳು ಮಾಡಿದಳು, ಉಳಿದ ಹನ್ನೊಂದು ನನ್ನಿಂದ ಮಾಡಿಸಿದಳು. ನಾಲ್ಕನೆಯದರ ಹೊತ್ತಿಗೆ ಚೀಟಿ ನೋಡುವುದನ್ನು ಬಿಟ್ಟಿದ್ದೆ.

ಕಂಪ್ಯೂಟರನ್ನು ಕನ್ನಡಕ್ಕೆ ತಂದವರು ಡಿಫಾಲ್ಟ್ ಎಂಬುದಕ್ಕೆ ಪೂರ್ವನಿಯೋಜಿತ ಎಂದು ಬರೆದಿದ್ದಾರೆ. ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ, ಆದರೆ ಈ ಪದ ಕೇಳಿದರೆ ಬ್ರಹ್ಮ ಹಣೆಯ ಮೇಲೆ ಬರೆದುಬಿಟ್ಟಿದ್ದಾನೆ, ಇನ್ನು ಅನುಭವಿಸುವುದೊಂದೇ ಬಾಕಿ ಎನಿಸುವುದಿಲ್ಲವೇ? ಹಾಗಲ್ಲ ಅದು. ಯಾರೋ ಒಬ್ಬ ಮನುಷ್ಯ, ಯಾವುದೋ ಒಂದು ದಿನ, ಸೊನ್ನೆ ಎಂದು ಟೈಪು ಮಾಡಿದ್ದಾನೆ. ಅಷ್ಟೇ. ನಾವು ಹೇಳದೇ ಇದ್ದಾಗ ನಮ್ಮ ಪರವಾಗಿ ಹೇಳಿಟ್ಟ ಉತ್ತರ ಅದು. ಉತ್ತರ ಸರಿಯಿದ್ದಾಗ ನಮಗೆ ಪ್ರಶ್ನೆ ಇತ್ತೆಂಬುದೇ ಗೊತ್ತಾಗುವುದಿಲ್ಲ.

ಆ ಮೊದಲ ಸಾಲಿಗೆ ಬೆಲೆಯಿಲ್ಲ ಎಂದುಕೊಳ್ಳಬೇಡಿ. ಫೋನುಗಳಲ್ಲಿ, ಬ್ರೌಸರುಗಳಲ್ಲಿ ಹುಡುಕಾಟಕ್ಕೆ ತನ್ನ ಹೆಸರೇ ಮೊದಲಿರಲಿ ಎಂದು ಗೂಗಲ್ ಕಂಪನಿ 2021ರ ಒಂದೇ ವರ್ಷದಲ್ಲಿ ಬೇರೆ ಕಂಪನಿಗಳಿಗೆ 2,630 ಕೋಟಿ ಡಾಲರ್ ಕೊಟ್ಟಿತೆಂದು ಅಮೆರಿಕದ ನ್ಯಾಯಾಲಯದಲ್ಲಿ 2023ರಲ್ಲಿ ಹೊರಬಿತ್ತು. ಬದಲಿಸಲು ಯಾರಿಗೂ ಅಡ್ಡಿಯಿರಲಿಲ್ಲ. ಬದಲಿಸುವವರು ಕಡಿಮೆ ಎಂಬ ನಂಬಿಕೆಯ ಮೇಲೆ ಹೂಡಿದ ದುಡ್ಡು ಅದು. ನಮ್ಮ ಸೋಮಾರಿತನಕ್ಕೆ, ಇಲ್ಲವೇ ನಮ್ಮ ಹೆದರಿಕೆಗೆ, ಯಾರೋ ಇಷ್ಟು ಬೆಲೆ ಕಟ್ಟಿದ್ದಾರೆ ನೋಡಿ!

ನಾನು ರಾಜ್ಯಶಾಸ್ತ್ರದವಳು. ನನಗೆ ಇದು ಬೇರೆಡೆಯಿಂದ ಚೆನ್ನಾಗಿ ಗೊತ್ತು. ಪ್ರತಿ ಜೂನ್ ತಿಂಗಳು ದಾಖಲಾತಿಯ ಅರ್ಜಿ ತುಂಬಿಸುವಾಗ ಪೋಷಕರ ಹೆಸರು ಎಂಬ ಜಾಗ ಬರುತ್ತದೆ. ಮಗುವನ್ನು ಕರೆತಂದವಳು ತಾಯಿ, ಫೀಸು ಕಟ್ಟುವವಳು ತಾಯಿ, ತಂದೆ ಎಲ್ಲಿದ್ದಾನೋ ಆ ಪರಮಾತ್ಮನಿಗೂ ಗೊತ್ತಿಲ್ಲ. ಆದರೂ ಅವಳ ಕೈ ತಾನಾಗಿಯೇ ಅವನ ಹೆಸರು ಬರೆಯುತ್ತದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯಿದೆ ಹೇಳಿದ್ದೂ ಅದನ್ನೇ: ಸಹಜ ಪೋಷಕ ತಂದೆ, ಅವನ ನಂತರ ತಾಯಿ. ಮೊದಲ ಸಾಲು ಅವನದು, ಎರಡನೆಯದು ಅವಳದು. ಲೇಖಕಿ ಗೀತಾ ಹರಿಹರನ್ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1999ರಲ್ಲಿ ಬಂದ ತೀರ್ಪು, 'ನಂತರ' ಎಂದರೆ ಅವನು ಸತ್ತ ನಂತರ ಎಂದೇ ಅಲ್ಲ, ಅವನು ಇಲ್ಲದಿರುವಾಗ, ನೋಡಿಕೊಳ್ಳದಿರುವಾಗ ಎಂದೂ ಆಗುತ್ತದೆ ಎಂದಿತು. ಸಾಲು ಹಾಗೇ ಉಳಿಯಿತು, ಅರ್ಥ ಸ್ವಲ್ಪ ಸಡಿಲವಾಯಿತು. ಸಾಲನ್ನೇ ಬದಲಿಸಿದ ಉದಾಹರಣೆಯೂ ಇದೆ. 2013ರ ಆಹಾರ ಭದ್ರತಾ ಕಾಯಿದೆ, ಪಡಿತರ ಚೀಟಿಯ ಮಟ್ಟಿಗೆ ಮನೆಯ ಯಜಮಾನಿ ಮನೆಯ ಹಿರಿಯ ಹೆಣ್ಣು ಎಂದು ಬರೆಯಿತು. ಒಂದು ಸಾಲು ಬದಲಾಯಿತು, ಚೀಟಿಯ ಮೇಲಿನ ಫೋಟೋ ಬದಲಾಯಿತು. ಯಾವ ಮನೆಯೂ ಕುಸಿದುಬೀಳಲಿಲ್ಲ. ಕಂಪ್ಯೂಟರಿಗೂ ಇದಕ್ಕೂ ಎಲ್ಲಿಂದೆಲ್ಲಿಗೆ ಎನ್ನುವವರಿಗೆ ನನ್ನ ಉತ್ತರ: ಎರಡರಲ್ಲೂ ಯಾರೋ ಬರೆದದ್ದನ್ನು ನಾವು ತಾನಾಗಿ ಆದದ್ದು ಎಂದುಕೊಂಡಿದ್ದೇವೆ.

ಇನ್ನು ನನ್ನ ಎದುರು ಪಕ್ಷದವರ ಮಾತಿಗೆ ಬರುತ್ತೇನೆ. ಅವರದೂ ಪೊಳ್ಳು ವಾದವಲ್ಲ.

ಹೊಸ ಕರ್ನಲ್ ಬರುವುದೇ ಹಳೆಯದರ ತೂತು ಮುಚ್ಚಲು, ನೀವು ಹಳೆಯದಕ್ಕೇ ಜೋತುಬಿದ್ದರೆ ಕಳ್ಳರಿಗೆ ಹಿತ್ತಿಲ ಬಾಗಿಲು ತೆಗೆದಿಟ್ಟ ಹಾಗೆ ಎನ್ನುತ್ತಾರೆ. ನಿಜ. ಡರ್ಟಿ ಕೌ ಎಂದು ಹೆಸರಾದ ಒಂದು ತೂತು 2007ರಿಂದ ಲಿನಕ್ಸಿನೊಳಗೆ ಇದ್ದು, ಮುಚ್ಚಿದ್ದು 2016ರಲ್ಲಿ. ಹಾಗಾಗಿ ಒಂದೇ ಕರ್ನಲ್ಲನ್ನು ಉಪ್ಪಿನಕಾಯಿ ಭರಣಿಯ ಹಾಗೆ ವರ್ಷಗಟ್ಟಲೆ ಕಟ್ಟಿಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಒಂದು ವಿಷಯ ಅವರು ಮರೆಮಾಚುತ್ತಾರೆ. ಉಬುಂಟು 20.04 ಹುಟ್ಟಿದ್ದೇ 5.4ರ ಜೊತೆ. ಆ 5.4ಕ್ಕೂ ತೂತು ಮುಚ್ಚಿದ ಹೊಸ ಪ್ರತಿಗಳು 2025ರ ಮೇ ತಿಂಗಳವರೆಗೆ ಬರುತ್ತಲೇ ಇದ್ದವು. ಹಳೆಯ ಸಂಖ್ಯೆ ಎಂದ ಮಾತ್ರಕ್ಕೆ ಹಳಸಿದ್ದು ಎಂದಲ್ಲ. ಆ ಸಾಲಿನ ರಿಪೇರಿಗಳು ಬರುವಂತೆ ನನ್ನ ಹುಡುಗಿ ಏರ್ಪಾಡು ಮಾಡಿಕೊಟ್ಟಳು. ಬಂದಾಗಲೆಲ್ಲ ನಾವು ನಮ್ಮ ಮೊದಲ ಸಾಲನ್ನು ಹೊಸ ಪ್ರತಿಗೆ ತಿರುಗಿಸಬೇಕಾಗುತ್ತಿತ್ತು. ತಿರುಗಿಸಿದೆವು. ಗ್ಯಾಸ್ ಸಿಲಿಂಡರು ಬದಲಿಸುವುದಿಲ್ಲವೇ ನಾವು?

ಇನ್ನೊಂದು ವಾದ ನಮ್ಮ ಸ್ಟಾಫ್ ರೂಮಿನದೇ. "ಪಾಠ, ಬಿಸಿಯೂಟ, ಗಣತಿ, ಚುನಾವಣೆ, ಇಷ್ಟು ಸಾಲದು ಅಂತ ಇದನ್ನೂ ತಲೆಗೆ ಕಟ್ಟಿಕೊಳ್ಳಬೇಕೇನ್ರೀ?" ಎಂದು ನನ್ನ ಗೆಳತಿಯೊಬ್ಬರು ಕೇಳಿದರು. ಈ ಮಾತಿಗೆ ನಾನು ಸಿಟ್ಟಾಗಲಾರೆ, ಅವರ ಸುಸ್ತು ನನಗೂ ಗೊತ್ತು. ಆದರೆ ಲೆಕ್ಕ ಹಾಕಿ ನೋಡಿ. ಒಂದು ಯಂತ್ರಕ್ಕೆ ಹತ್ತು ನಿಮಿಷದಂತೆ ಹನ್ನೆರಡಕ್ಕೆ ಎರಡು ಗಂಟೆ. ಕಲಿಯದಿದ್ದದ್ದಕ್ಕೆ ನಾವು ಕೊಟ್ಟದ್ದು ಮೂರು ತಿಂಗಳು, ಅದೂ ಹತ್ತನೇ ತರಗತಿಯ ಹುಡುಗಿಯರ ಮೂರು ತಿಂಗಳು.

ಕೆಡಿಸಿಬಿಟ್ಟರೆ ಎಂಬ ಭಯವಂತೂ ಎಲ್ಲರಿಗೂ ಇದೆ. ಕಡತವನ್ನು ಮುಟ್ಟುವ ಮೊದಲು ಅದರದೊಂದು ನಕಲು ಪಕ್ಕದಲ್ಲಿಡಿ. ಪಟ್ಟಿಯಲ್ಲಿ ಇಲ್ಲದ ಸಂಖ್ಯೆಯನ್ನೋ ಹೆಸರನ್ನೋ ಬರೆದರೆ ಗ್ರಬ್ ಸುಮ್ಮನೆ ಮೊದಲ ಸಾಲಿಗೇ ಹೋಗುತ್ತದೆ, ಬೆಂಕಿ ಹತ್ತುವುದಿಲ್ಲ. ಎರಡು ಲೀಟರ್ ಹಾಲು ಉಕ್ಕದಂತೆ ಕಾಯುತ್ತಾ ಪಕ್ಕದ ಒಲೆಯ ಮೇಲೆ ಒಗ್ಗರಣೆ ಹಾಕುವವರಿಗೆ ಇದು ಕಷ್ಟವೇ? ರಿಪೇರಿಯವರು ಹೆದರಿಸುವಷ್ಟು ಅಪಾಯ ಅದರಲ್ಲಿಲ್ಲ. ಅವರ ಹೊಟ್ಟೆಪಾಡಿನ ಮೇಲೆ ನನಗೇನೂ ದ್ವೇಷವಿಲ್ಲ, ನಿಜವಾಗಿ ಮದರ್‌ಬೋರ್ಡು ಹೋದಾಗ ಅವರನ್ನೇ ಕರೆಯುತ್ತೇನೆ.

ತಪ್ಪು ಮಾಡಿದ್ದೂ ಹೇಳಬೇಕು. ಫೆಬ್ರವರಿಯಲ್ಲಿ ಯಂತ್ರಗಳಿಗೆ 5.13 ಎಂಬ ಇನ್ನೊಂದು ಕರ್ನಲ್ ಬಂತು. ನಾನು ಧೈರ್ಯವಾಗಿ ಒತ್ತಿದೆ, ನಮ್ಮ ಮೊದಲ ಆಯ್ಕೆ ಬರೆದಿಟ್ಟಿದ್ದೇವಲ್ಲ ಎಂದು. ಮರುದಿನ ಮತ್ತೆ ಕಪ್ಪು! ಎದೆ ಧಸಕ್ಕೆಂದಿತು. ಆಮೇಲೆ ಹೊಳೆಯಿತು. ನಾವು ಬರೆದದ್ದು ಮೂರನೇ ಸಾಲು ಎಂದು. 5.13 ತನ್ನ ರಿಪೇರಿ ರೂಪದೊಂದಿಗೆ ಬಂದು ತಲೆಯ ಮೇಲೆ ಕೂತಿತು, ಎಲ್ಲರೂ ಎರಡೆರಡು ಮೆಟ್ಟಿಲು ಕೆಳಗಿಳಿದರು, ಮೂರನೇ ಸಾಲಿನಲ್ಲಿ ಈಗ ನಿಂತಿದ್ದದ್ದು ಆ ಹಾಳು 5.11. ಜಾಗವನ್ನು ತೋರಿಸಿ ಆರಿಸಿದರೆ ಹೀಗೇ, ಜಾಗದಲ್ಲಿ ಯಾರು ಬೇಕಾದರೂ ಬಂದು ಕೂರಬಹುದು. ಹೆಸರು ಹಿಡಿದು ಆರಿಸಬೇಕು. ಫೋನಿನಲ್ಲೇ ಹುಡುಗಿ ಹೇಳಿಕೊಟ್ಟಳು. ಆ ಸಾಲಿನಲ್ಲಿ ಸಂಖ್ಯೆಯ ಬದಲು ಸೇವ್ಡ್ ಎಂದು ಬರೆದು, ಅಪ್‌ಡೇಟ್-ಗ್ರಬ್ ಮಾಡಿ, ಆಮೇಲೆ ಗ್ರಬ್-ಸೆಟ್-ಡಿಫಾಲ್ಟ್ ಎಂಬ ಆಜ್ಞೆಯ ಮುಂದೆ ಒಳಕೋಣೆಯ ಹೆಸರು, ಬಾಣದ ಗುರುತು, ಕರ್ನಲ್ಲಿನ ಪೂರ್ತಿ ಹೆಸರು. ಹೆಸರಿನಲ್ಲಿ ಒಂದು ಅಕ್ಷರ, ಒಂದು ಅಡ್ಡಗೆರೆ ತಪ್ಪಬಾರದು. ನಮ್ಮ ಹುಡುಗಿಯರು ಅದನ್ನು ನನಗಿಂತ ಚೆನ್ನಾಗಿ ಬರೆದರು.

ಇದೇ ಏರ್ಪಾಡಿನಲ್ಲಿ ಇನ್ನೊಂದು ಸೊಗಸಿದೆ, ಗ್ರಬ್-ರೀಬೂಟ್ ಎಂದು. ಹೊಸ ಕರ್ನಲ್ಲಿನ ಹೆಸರು ಅದಕ್ಕೆ ಕೊಟ್ಟರೆ ಮುಂದಿನ ಒಂದೇ ಒಂದು ಸಲ ಅದು ಏಳುತ್ತದೆ. ಸರಿಬಂದರೆ ಸರಿ. ಪರದೆ ಕಪ್ಪಾದರೆ ಆರಿಸಿ ಮತ್ತೆ ಹಚ್ಚಿ, ತಾನೇ ಹಳೆಯದಕ್ಕೆ ಹಿಂತಿರುಗಿರುತ್ತದೆ. ಅನ್ನವಾಯಿತೇ ಎಂದು ಒಂದು ಅಗುಳು ಹಿಸುಕಿ ನೋಡುವಂತೆ. ಅಂದಿನಿಂದ ಹೊಸದು ಬಂದಾಗಲೆಲ್ಲ ಒಂದೇ ಯಂತ್ರದಲ್ಲಿ ಪರೀಕ್ಷೆ. 2022ರ ಸೆಪ್ಟೆಂಬರಿನಲ್ಲಿ 5.15 ಹಾಕಿ ನೋಡಿದೆವು, ಪರದೆ ಬೆಳಗಿತು. ಒಂದು ವಾರ ನೋಡಿ, ಹನ್ನೆರಡರಲ್ಲೂ ಅದನ್ನೇ ಮೊದಲ ಸಾಲಿಗೆ ತಂದೆವು. ಹೊಸದರ ಮೇಲೆ ನಮಗೆ ಹಗೆ ಇರಲಿಲ್ಲ ನೋಡಿ, ನಮ್ಮನ್ನು ಕೇಳಿ ಬರಲಿ ಎಂದಷ್ಟೇ. ಈಗ ಯಂತ್ರಗಳು ಉಬುಂಟು 22.04ರಲ್ಲಿವೆ. ಹನ್ನೆರಡರಲ್ಲಿ ಒಂಬತ್ತು ಬದುಕಿವೆ, ಮೂರು ನಿಜವಾಗಿಯೇ ಸತ್ತವು, ಅವುಗಳ ಬಿಡಿಭಾಗಗಳನ್ನು ಉಳಿದವು ಹಂಚಿಕೊಂಡಿವೆ.

ಒಂದು ಸಂಗತಿ ಬಿಟ್ಟುಹೋಯಿತು. 2022ರ ಆ ಜನವರಿಯಲ್ಲಿ ಹನ್ನೆರಡೂ ಎದ್ದ ಮರುದಿನ ಹೆಡ್‌ಮಾಸ್ಟರಿಗೆ ನಿರುಪಯುಕ್ತ ವಸ್ತುಗಳ ಪುಟದಿಂದ ಅವುಗಳನ್ನು ತೆಗೆಯಿರಿ ಎಂದೆ. ಸಂತೋಷದಿಂದಲೇ ರಿಜಿಸ್ಟರು ತೆರೆದು ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಪಕ್ಕದ ಷರಾ ಕಾಲಮ್ಮಿನಲ್ಲಿ ಏನು ಬರೆಯುವುದೆಂದು ಒಂದು ಕ್ಷಣ ಯೋಚಿಸಿ, "ತಾನಾಗಿಯೇ ಸರಿಯಾಯಿತು" ಎಂದು ಬರೆದು ಸಹಿ ಹಾಕಿ ನನ್ನ ಕಡೆ ತಿರುಗಿಸಿದರು. ನಾನು ಪೆನ್ನು ಕೇಳಿದೆ. ಅವರ ಎದುರೇ ಆ ಎರಡು ಪದಗಳನ್ನು ಹೊಡೆದುಹಾಕಿ ನನ್ನ ಹುಡುಗಿಯ ಹೆಸರು ಬರೆದೆ, ಅದರ ಕೆಳಗೆ ನನ್ನದು, ಪಕ್ಕದಲ್ಲಿ ತಾರೀಕು.